ಉಪ್ಪು ಗಾಳಿಗೆ ತಾಳುವ ಎಕ್ಸಾಸ್ಟ್ ಲೈನ್ ಮಾಡಿಸಬೇಕು, ಪೈಪ್ ಸೈಜ್ ಎಷ್ಟು ಇಡಲಿ?

ಕಾಳಿದಂಡೆ (ಸದಾಶಿವಗಡ)

ನಮಸ್ಕಾರ ಎಲ್ಲರಿಗೂ. ನನ್ನದು 2018ರ ಸಣ್ಣ ಹ್ಯಾಚ್‌ಬ್ಯಾಕ್. 1.2 ಲೀಟರ್ ಪೆಟ್ರೋಲ್, 4 ಸಿಲಿಂಡರ್, ಬಿಎಸ್ 4 (ಹೊಗೆ ಮಿತಿಯ ದರ್ಜೆ). ಮನೆ ಸದಾಶಿವಗಡದಲ್ಲಿ, ಕೆಲಸ ಕಾರವಾರ ಪೇಟೆಯಲ್ಲಿ. ದಿನಾ ಕಾಳಿ ಸೇತುವೆ ದಾಟಿ ಹೋಗಿ ಬರುವುದು, ಅಷ್ಟೇ ಓಡಾಟ. ತಿಂಗಳಿಗೆ ಎರಡು ಸಲ ಹೆಂಡತಿಯ ತವರು ಶಿರಸಿಗೆ, ಕುಮಟಾ ಮೇಲಿಂದ ದೇವಿಮನೆ ಘಟ್ಟ ಹತ್ತಿ ಹೋಗುತ್ತೇವೆ.

ಕಳೆದ ವಾರ ಗಾಡಿ ಸದ್ದು ಬದಲಾಯಿತು. ಅಡಿಗೆ ಹೋಗಿ ನೋಡಿದರೆ ಹಿಂದಿನ ಸೈಲೆನ್ಸರ್ ಡಬ್ಬಿಯ ಹೊಲಿಗೆ ಉದ್ದಕ್ಕೂ ಕೆಂಪು ತುಕ್ಕು. ಸ್ಕ್ರೂಡ್ರೈವರ್ ತುದಿಯಿಂದ ಸ್ವಲ್ಪ ಒತ್ತಿದ್ದೇ ತಡ, ಹಪ್ಪಳದ ಹಾಗೆ ಒಳಗೆ ಹೋಯಿತು. ಅಲುಗಿಸಿದರೆ ಒಳಗೆ ತುಕ್ಕಿನ ಚೂರು ಗಲಗಲ ಅನ್ನುತ್ತದೆ. ನಡುವಿನ ಪೈಪು ಕೂಡ, ಅದನ್ನು ಗಾಡಿ ಅಡಿಗೆ ತೂಗುಹಾಕುವ ಹ್ಯಾಂಗರ್ ವೆಲ್ಡ್ ಆದ ಜಾಗದಲ್ಲಿ ತೆಳ್ಳಗಾಗಿದೆ. ಹೇಗೂ ಎಲ್ಲ ಬದಲಿಸಬೇಕು ಅಂದಮೇಲೆ ಸ್ಟೇನ್‌ಲೆಸ್‌ನಲ್ಲಿ ಒಂದು ಸಲ ಚೆನ್ನಾಗಿ ಮಾಡಿಸಿಬಿಡೋಣ ಅಂತ ಆಸೆ. ಸದ್ದು ಸ್ವಲ್ಪ ಗಟ್ಟಿಯಾದರೆ ಖುಷಿ, ಆದರೆ ಓಣಿಯವರಿಗೆಲ್ಲ ಕೇಳಬೇಕು ಅಂತ ಏನಿಲ್ಲ.

ಒಂದು ವರ್ಕ್‌ಶಾಪ್‌ನಲ್ಲಿ ಕೇಳಿದೆ. ಮುಂದಿನಿಂದ ಹಿಂದಿನವರೆಗೆ 2.5 ಇಂಚು ಪೈಪ್ ಹಾಕಿ, ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಕೂಡ ತೆಗೆದುಬಿಡೋಣ, ಗಾಡಿ ಹಾರುತ್ತದೆ ಅಂದರು. ನನಗೆ ಯಾಕೋ ನಂಬಿಕೆ ಬರಲಿಲ್ಲ. ಪೈಪ್ ಎಷ್ಟು ದಪ್ಪ ಇರಬೇಕು, ಯಾವ ಸ್ಟೀಲು ತಗೊಳ್ಳಬೇಕು, ಯಾರ ಹತ್ತಿರ ಮಾಡಿಸಬೇಕು? ಮಾಡಿಸಿ ನೋಡಿದವರು ದಯವಿಟ್ಟು ಹೇಳಿ.

ಘಟ್ಟದ ದಾರಿ (ಶಿರಸಿ)

2.5 ಇಂಚು ಬೇಡವೇ ಬೇಡ ಮಾರಾಯ್ರೆ. ನಾನು ಆ ತಪ್ಪು ಮಾಡಿ ದುಡ್ಡು ಕಳೆದುಕೊಂಡವನು. ನನ್ನದೂ 1.2 ಲೀಟರ್ ಗಾಡಿಯೇ. ದಪ್ಪ ಪೈಪ್ ಹಾಕಿಸಿದ ದಿನ ಪೇಟೆಯಲ್ಲಿ ಸದ್ದು ಕೇಳಿ ಬಹಳ ಖುಷಿಪಟ್ಟೆ. ಮರುದಿನ ಕುಮಟಾಕ್ಕೆ ಹೋಗಿ ವಾಪಸ್ ಬರುವಾಗ ಗೊತ್ತಾಯಿತು. ದೇವಿಮನೆ ಘಟ್ಟದಲ್ಲಿ ಮೊದಲು ಮೂರನೇ ಗೇರಲ್ಲಿ ಎಳೆಯುತ್ತಿದ್ದ ಏರನ್ನು ಎರಡಕ್ಕೆ ಇಳಿಸಿ ಹತ್ತಬೇಕಾಯಿತು. ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಹೊರಡುತ್ತಿತ್ತು.

ಕಾರಣ ಇಷ್ಟೇ. 2.5 ಇಂಚಿನ ಪೈಪಿನ ಬಾಯಿ 2 ಇಂಚಿನದ್ದಕ್ಕಿಂತ ಒಂದೂವರೆ ಪಟ್ಟು ದೊಡ್ಡದು. ಸಣ್ಣ ಎಂಜಿನ್ ಬಿಡುವ ಹೊಗೆ ಅದೇ ಅಷ್ಟು. ಜಾಗ ದೊಡ್ಡದಾದರೆ ಅದರ ಓಟ ನಿಧಾನ ಆಗುತ್ತದೆ. ಹೊಗೆ ಜೋರಾಗಿ ಓಡುತ್ತಿದ್ದರೆ ಅದರ ಹಿಂದೆ ಒತ್ತಡ ಕಡಿಮೆಯಾಗಿ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಎಳೆತ ಹೋದರೆ ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಟಾರ್ಕ್, ಅಂದರೆ ಎಳೆಯುವ ಬಲ, ಹೋಯಿತು ಅಂತಲೇ ಲೆಕ್ಕ. ನಮ್ಮ ಘಟ್ಟದ ರಸ್ತೆಯಲ್ಲಿ ಬೇಕಾಗಿರುವುದು 1500ರಿಂದ 2500ರ ನಡುವಿನ ಬಲ. 6000ದಲ್ಲಿ ಸಿಗುವ ಒಂದೆರಡು ಎಚ್‌ಪಿ ಕಟ್ಟಿಕೊಂಡು ಏನು ಮಾಡುವುದು? ಟರ್ಬೊ ಇದ್ದರೆ ಮಾತು ಬೇರೆ. ಇಲ್ಲದ ಗಾಡಿಗೆ ಕಂಪನಿ ಪೈಪಿಗಿಂತ ಒಂದು ಹೆಜ್ಜೆ ಮೇಲೆ ಸಾಕು. ನಾನು ಈಗ 1.75 ಇಂಚಿಗೆ ಇಳಿದಿದ್ದೇನೆ, ಗಾಡಿ ಮತ್ತೆ ಮೊದಲಿನ ಹಾಗೆ ಹತ್ತುತ್ತದೆ.

ಇನ್ನೊಂದು ಸಂಗತಿ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ಗುಂಯ್ ಅನ್ನುವ ಸದ್ದು. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕಾರಿನ ಒಳಗೆ ಕಿವಿ ಮುಚ್ಚಿದ ಹಾಗೆ ಆಗುತ್ತದೆ. ನನ್ನ ಗಾಡಿ 5ನೇ ಗೇರಲ್ಲಿ 90 ಕಿ.ಮೀ. ಓಡುವಾಗ ಸುಮಾರು 2700 ಆರ್‌ಪಿಎಂ. 4 ಸಿಲಿಂಡರ್ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೆ ಎರಡು ಬಡಿತ, ಹಾಗಾಗಿ ಸೆಕೆಂಡಿಗೆ 90 ಬಡಿತ, ಅಂದರೆ 90 ಹರ್ಟ್ಸ್. ಡಬ್ಬಿಯ ಹಾಗಿರುವ ಸಣ್ಣ ಕಾರಿನ ಒಳಗೆ ಆ ಸದ್ದು ತುಂಬಿಕೊಳ್ಳುತ್ತದೆ. ಅಂಕೋಲಾದವರೆಗೆ ಹೋಗುವಷ್ಟರಲ್ಲಿ ಅಮ್ಮನಿಗೆ ತಲೆನೋವು ಬಂತು. ಇದನ್ನು ಕೊಲ್ಲಲು ಒಂದು ತುದಿ ಮುಚ್ಚಿದ ಪೈಪನ್ನು ಮುಖ್ಯ ಪೈಪಿಗೆ ಕವಲಾಗಿ ಜೋಡಿಸುತ್ತಾರೆ. ಹೊಗೆ 300 ಡಿಗ್ರಿ ಆಸುಪಾಸು ಇದ್ದರೆ 90 ಹರ್ಟ್ಸ್‌ಗೆ ಅದರ ಉದ್ದ ಸುಮಾರು 1.3 ಮೀಟರ್ ಬೇಕು. ಸಣ್ಣ ಗಾಡಿಯ ಅಡಿಯಲ್ಲಿ ಅಷ್ಟು ಜಾಗ ಎಲ್ಲಿ ತರುವುದು? ಕೊನೆಗೆ ಈ ಸದ್ದು ತಗ್ಗಿಸುವ ನಡುವಿನ ರೆಸೊನೇಟರ್ ಡಬ್ಬಿಯನ್ನೇ ವಾಪಸ್ ಹಾಕಿಸಿದೆ, ಮುಕ್ಕಾಲು ಪಾಲು ಕಡಿಮೆಯಾಯಿತು. ಆ ಡಬ್ಬಿಯನ್ನು ಮಾತ್ರ ಬಿಡಬೇಡಿ.

ದೋಣಿ ವೆಲ್ಡರ್ (ಬೇಲೇಕೇರಿ)

ತಮ್ಮಾ, ಸ್ಟೀಲಿನ ವಿಷಯ ನಾನು ಹೇಳುತ್ತೇನೆ. ಮೀನುಗಾರಿಕೆ ಬೋಟುಗಳ ಸ್ಟೇನ್‌ಲೆಸ್ ಕೆಲಸ ಮಾಡಿ ಇಪ್ಪತ್ತು ವರ್ಷ ಆಯಿತು, ಕಾರಿನ ಸೈಲೆನ್ಸರ್ ಕೂಡ ಆಗಾಗ ಬರುತ್ತದೆ.

ಸ್ಟೇನ್‌ಲೆಸ್ ಅಂದರೆ ಎಲ್ಲ ಒಂದೇ ಅಲ್ಲ. ಗೇಟು, ರೇಲಿಂಗ್ ಮಾಡುವಲ್ಲಿ ಸಿಗುವುದು ಬಹುಪಾಲು 202 ನಂಬರಿನ ದರ್ಜೆ. ಹೊಸದರಲ್ಲಿ ಪಳಪಳ ಅನ್ನುತ್ತದೆ, ನಮ್ಮ ಸಮುದ್ರದ ಗಾಳಿಗೆ ಒಂದೆರಡು ಮಳೆಗಾಲದಲ್ಲಿ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಇಲ್ಲ, 202 ಕೂಡ 304ರ ಹಾಗೆ ಅಯಸ್ಕಾಂತಕ್ಕೆ ಹೆಚ್ಚು ಅಂಟುವುದಿಲ್ಲ. ಪೈಪಿನ ಮೇಲಿನ ಅಚ್ಚು ನೋಡು, ಬಿಲ್ಲಿನಲ್ಲಿ 304 ಅಂತ ಬರೆಸಿಕೋ. 304ರಲ್ಲಿ ಕ್ರೋಮಿಯಂ 18, ನಿಕಲ್ 8 ಪರ್ಸೆಂಟ್ ಇರುತ್ತದೆ. 316ರಲ್ಲಿ ಮಾಲಿಬ್ಡಿನಂ ಕೂಡ ಇದೆ, ಉಪ್ಪಿಗೆ ಇನ್ನೂ ಚೆನ್ನಾಗಿ ತಡೆಯುತ್ತದೆ, ಬೋಟಿಗೆ ನಾವು ಅದನ್ನೇ ಹಾಕುವುದು. ಕಾರಿಗೆ ಅಷ್ಟು ಖರ್ಚು ಬೇಡ, 304 ಸಾಕು. ಪೈಪಿನ ತಗಡು 1.5 ಎಂಎಂ ದಪ್ಪ ಇರಲಿ. ಮೇಲೆ ಕಂದು ಬಣ್ಣ ಬರುತ್ತದೆ, ಹೆದರಬೇಡ, ಅದು ತೂತಾಗುವ ತುಕ್ಕಲ್ಲ. ಹೈವೇಯಲ್ಲಿ ಮೀನಿನ ಲಾರಿಯಿಂದ ಸುರಿಯುವ ಉಪ್ಪು ನೀರಿನ ಹಿಂದೆ ಹೋದ ದಿನ ಮನೆಗೆ ಬಂದು ಗಾಡಿಯ ಅಡಿಭಾಗಕ್ಕೆ ಸಿಹಿ ನೀರು ಹೊಡೆದರೆ ಆಯುಸ್ಸು ಹೆಚ್ಚಾಗುತ್ತದೆ.

ಪೈಪಿಗಿಂತ ವೆಲ್ಡಿಂಗ್ ಮುಖ್ಯ. ಆರ್ಗಾನ್ ವೆಲ್ಡಿಂಗ್ ಮಾಡುವವನ ಹತ್ತಿರವೇ ಹೋಗು, ಪೈಪಿನ ಒಳಗೂ ಆರ್ಗಾನ್ ಬಿಡುತ್ತೀರಾ ಅಂತ ಕೇಳು. ಎರಡೂ ತುದಿ ಫಾಯಿಲ್ ಮತ್ತು ಟೇಪ್‌ನಿಂದ ಮುಚ್ಚಿ, ಒಂದು ಕಡೆಯಿಂದ ಸಣ್ಣ ಹೋಸ್‌ನಲ್ಲಿ ಗ್ಯಾಸ್ ಬಿಟ್ಟು, ಒಳಗಿನ ಗಾಳಿ ಹೊರಗೆ ಹೋಗಲು ಇನ್ನೊಂದು ತುದಿಯಲ್ಲಿ ಸೂಜಿ ತೂತು ಇಡುವುದು. ಹಾಗೆ ಮಾಡದಿದ್ದರೆ ಹೊರಗೆ ಬೀಡ್ (ವೆಲ್ಡಿನ ಗೆರೆ) ಚಂದ ಕಾಣುತ್ತದೆ, ಒಳಗೆ ಬೆರಳು ಹಾಕಿ ನೋಡಿದರೆ ಅಡಿ ಹಿಡಿದ ಬೆಲ್ಲದ ಪಾಕದ ಹಾಗೆ ಕಪ್ಪಗೆ ಹರಳು ಹರಳು. ಬಿರುಕು ಅಲ್ಲಿಂದಲೇ ಶುರು. 304ಕ್ಕೆ 304 ಸೇರಿಸಲು 308ಎಲ್ ರಾಡ್. ನಿನ್ನ ಹಳೆಯ ಫ್ಲೇಂಜ್ (ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆ) ಮಾಮೂಲಿ ಕಬ್ಬಿಣದ್ದಾದರೆ ಆ ಒಂದು ಜಾಯಿಂಟಿಗೆ 309ಎಲ್. ಕಬ್ಬಿಣ ಉಜ್ಜಿದ ಗ್ರೈಂಡರ್ ಡಿಸ್ಕನ್ನು ಸ್ಟೇನ್‌ಲೆಸ್ ಮೇಲೆ ಮುಟ್ಟಿಸಲು ಬಿಡಬೇಡ, ಕಬ್ಬಿಣದ ಪುಡಿ ಕೂತು ಅಲ್ಲೇ ತುಕ್ಕು ಹಿಡಿಯುತ್ತದೆ. ಯಾರಾದರೂ ನೀರಿನ ಜಿಐ ಪೈಪ್ ಹಾಕೋಣ ಅಂದರೆ ಅಲ್ಲಿಂದ ಎದ್ದು ಬಾ. ಸತುವಿನ ಲೇಪ ವೆಲ್ಡಿಂಗಿಗೆ ಉರಿದು ಬರುವ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಬಾಗಿಸುವ ವಿಷಯ. ಒತ್ತಿ ಬಾಗಿಸಿದರೆ ತಿರುವಲ್ಲಿ ಪೈಪ್ ಚಪ್ಪಟೆ ಆಗುತ್ತದೆ, ದಪ್ಪ ಪೈಪ್ ಹಾಕಿ ಏನೂ ಪ್ರಯೋಜನ ಇಲ್ಲ. 2 ಇಂಚಿಗಾದರೆ ಹುಬ್ಬಳ್ಳಿಯ ಪೈಪ್ ಅಂಗಡಿಗಳಲ್ಲಿ ಡೇರಿ ಕೆಲಸಕ್ಕೆ ಬರುವ ರೆಡಿ ಬೆಂಡ್ ಸಿಗುತ್ತದೆ, 304ದ್ದೇ. 1.75ಕ್ಕೆ ಅದು ಆಗುವುದಿಲ್ಲ, ಪೈಪನ್ನು ಓರೆಯಾಗಿ ತುಂಡು ತುಂಡು ಕತ್ತರಿಸಿ ತಿರುವು ಕಟ್ಟಬೇಕು. ಕೂಲಿ ಜಾಸ್ತಿ, ಕೆಲಸ ಮಾತ್ರ ಚೆನ್ನಾಗಿ ಬರುತ್ತದೆ.

ಶರಾವತಿ ತೀರ (ಹೊನ್ನಾವರ)

ಕ್ಯಾಟ್ ತೆಗೆಯುವ ಮಾತಿಗೆ ಒಪ್ಪಬೇಡಿ ಸರ್. ಹೊಗೆಯ ವಿಷವನ್ನು ಕಡಿಮೆ ಮಾಡುವುದೇ ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಬಿಎಸ್ 4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಕಾರ್ಬನ್ ಮಾನಾಕ್ಸೈಡ್ 0.3 ಪರ್ಸೆಂಟ್, ಹೈಡ್ರೋಕಾರ್ಬನ್ 200 ಪಿಪಿಎಂ ದಾಟಬಾರದು. ಕ್ಯಾಟ್ ಇಲ್ಲದೆ ಹೊಗೆ ಸರ್ಟಿಫಿಕೇಟ್ ಪಾಸಾಗುವುದು ಕಷ್ಟ. ಕ್ಯಾಟ್ ಆದಮೇಲೆ ಇರುವ ಎರಡನೇ ಆಕ್ಸಿಜನ್ ಸೆನ್ಸರ್ ಕೂಡ ಸುಮ್ನೆ ಇರುವುದಿಲ್ಲ, ಪಿ0420 ಕೋಡ್ ಬಂದು ಚೆಕ್ ಎಂಜಿನ್ ಲೈಟ್ ಹತ್ತಿಕೊಳ್ಳುತ್ತದೆ.

ಕಾನೂನಿನ ಕಡೆಯಿಂದ ನೋಡಿದರೆ, 2019ರ ತಿದ್ದುಪಡಿ ಆದಮೇಲೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಲೈಸೆನ್ಸ್ ಕೂಡ 3 ತಿಂಗಳು ಹೋಗುತ್ತದೆ. ನೀವು ಮಾಜಾಳಿ ಗಡಿ ಪಕ್ಕದಲ್ಲೇ ಇದ್ದೀರಿ, ಗೋವಾ ಕಡೆಗೂ ಹೋಗುತ್ತೀರಿ ತಾನೆ? ಎರಡೂ ಕಡೆ ಒಂದೇ ಕಾಯ್ದೆ. ಕ್ಯಾಟನ್ನೂ ಅದಕ್ಕಿಂತ ಎಂಜಿನ್ ಕಡೆ ಇರುವುದನ್ನೂ ಮುಟ್ಟದೆ, ಅದರ ಹಿಂದಿನ ಭಾಗವನ್ನು ಮಾತ್ರ, ಕಂಪನಿಯದ್ದರ ಹತ್ತಿರದ ಸದ್ದು ಬರುವ ಹಾಗೆ ಮಾಡಿಸಿ.

ಕೊನೆಯ ಪೈಪ್ ಬಂಪರ್ ದಾಟಿ ಹೊರಗೆ ಬರಬೇಕು, ಗಾಡಿ ಅಡಿಯಲ್ಲೇ ಮುಗಿಸಬಾರದು. ಮಳೆಗಾಲದಲ್ಲಿ ಗ್ಲಾಸ್ ಏರಿಸಿಕೊಂಡು ಘಟ್ಟದಲ್ಲಿ ಟ್ರಾಫಿಕ್ ನಿಂತರೆ ಹೊಗೆ ಒಳಗೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಮಕ್ಕಳು ಹಿಂದಿನ ಸೀಟಿನಲ್ಲಿ ಇರುತ್ತಾರೆ, ಇದನ್ನು ಹಗುರವಾಗಿ ತಗೋಬೇಡಿ.

ಕಾಳಿದಂಡೆ (ಸದಾಶಿವಗಡ)

ಎಲ್ಲರಿಗೂ ಬಹಳ ಉಪಕಾರ ಆಯಿತು. ಇವತ್ತು ಕಂಪನಿ ಪೈಪಿಗೆ ದಾರ ಸುತ್ತಿ ಅಳೆದೆ. ಸುತ್ತಳತೆ 13.4 ಸೆಂ.ಮೀ. ಬಂತು, ಅಂದರೆ ವ್ಯಾಸ ಸುಮಾರು 42.7 ಎಂಎಂ. 1.75 ಇಂಚು ಅಂದರೆ 44.5 ಎಂಎಂ, ಶಿರಸಿಯವರು ಹೇಳಿದ ಹಾಗೆ ಒಂದೇ ಹೆಜ್ಜೆ ಮೇಲೆ. ಅದನ್ನೇ ಮಾಡಿಸುತ್ತೇನೆ. ಕ್ಯಾಟ್ ಮುಟ್ಟುವುದಿಲ್ಲ.

ದೋಣಿ ವೆಲ್ಡರ್ ಅಣ್ಣಾ, ಎರಡು ಪ್ರಶ್ನೆ. ಹಿಂದಿನ ಡಬ್ಬಿ ಹೊರಗಿನಿಂದ ಅಲ್ಲ, ಒಳಗಿನಿಂದ ತಿಂದುಹೋಗಿದೆ ಅನ್ನಿಸುತ್ತಿದೆ, ಯಾಕೆ? ಮತ್ತೆ ಹ್ಯಾಂಗರ್ ರಬ್ಬರ್ ಎಲ್ಲಿ ಕೂರಿಸಬೇಕು?

ದೋಣಿ ವೆಲ್ಡರ್ (ಬೇಲೇಕೇರಿ)

ಸರಿಯಾಗಿ ನೋಡಿದ್ದೀಯಾ ತಮ್ಮಾ. 1 ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ 1 ಲೀಟರ್ ನೀರೇ ಹಬೆಯಾಗಿ ಹೊರಗೆ ಬರುತ್ತದೆ. ಬೆಳಿಗ್ಗೆ ಟೈಲ್‌ಪೈಪ್‌ನಿಂದ ತೊಟ್ಟಿಕ್ಕುತ್ತದಲ್ಲ, ಅದೇ. ನೀನು ಸೇತುವೆ ದಾಟಿ ಆಫೀಸ್ ಸೇರುವಷ್ಟರಲ್ಲಿ ಹಿಂದಿನ ಡಬ್ಬಿ ಬಿಸಿಯೇ ಆಗಿರುವುದಿಲ್ಲ. ನೀರು ಒಳಗೇ ಕೂತು ಹುಳಿಯಾಗಿ ಕಬ್ಬಿಣ ತಿನ್ನುತ್ತದೆ. ದೂರ ಓಡುವ ಗಾಡಿಯ ಸೈಲೆನ್ಸರ್ ಹೆಚ್ಚು ಬಾಳುವುದು ಇದಕ್ಕೇ. ಹೊಸ ಡಬ್ಬಿಯ ಅತಿ ತಗ್ಗಿನ ಜಾಗದಲ್ಲಿ 3 ಎಂಎಂ ತೂತು ಒಂದು ಹಾಕಿಸು, ಸದ್ದಿಗೆ ಏನೂ ಆಗುವುದಿಲ್ಲ. ಗ್ಲಾಸ್ ವೂಲ್ ತುಂಬಿದ ಡಬ್ಬಿಗಿಂತ ಒಳಗೆ ತಗಡಿನ ಕೋಣೆ ಇರುವುದು ನಮ್ಮ ಮಳೆಗೆ ಒಳ್ಳೆಯದು, ವೂಲ್ ನೀರು ಹಿಡಿದುಕೊಳ್ಳುತ್ತದೆ.

ಹ್ಯಾಂಗರ್ ಹಳೆಯ ಜಾಗದಲ್ಲೇ ಇರಲಿ. 304 ಬಿಸಿಗೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. 2 ಮೀಟರ್ ಪೈಪ್ 300 ಡಿಗ್ರಿ ಏರಿದರೆ 10 ಎಂಎಂ ಉದ್ದ ಆಗುತ್ತದೆ. ಆದ್ದರಿಂದ ತಣ್ಣಗಿರುವಾಗ ರಬ್ಬರ್ ಸ್ವಲ್ಪ ಮುಂದಕ್ಕೆ ಓರೆಯಾಗಿರಲಿ, ಬಿಸಿಯಾದ ಮೇಲೆ ನೇರಕ್ಕೆ ಬರುತ್ತದೆ. ಬಾಡಿಗೂ ಪೈಪಿಗೂ ನಡುವೆ ಬೆರಳು ಸಲೀಸಾಗಿ ಹೋಗಬೇಕು. ಬ್ರೇಕ್ ಪೈಪ್, ಪೆಟ್ರೋಲ್ ಟ್ಯಾಂಕ್ ಹತ್ತಿರ ಇನ್ನೂ ಜಾಸ್ತಿ ಜಾಗ ಬಿಡಿಸು, ಹೀಟ್ ಶೀಲ್ಡ್ ವಾಪಸ್ ಹಾಕಿಸು. ಗಾಡಿಯ ಮೇಲೆ ಟ್ಯಾಕ್ (ಚುಕ್ಕಿ ವೆಲ್ಡ್) ಮಾತ್ರ ಹೊಡೆಸು, ಅದಕ್ಕೂ ಮೊದಲು ಬ್ಯಾಟರಿ ಕಳಚು. ಪೂರ್ತಿ ವೆಲ್ಡಿಂಗ್ ಕೆಳಗಿಳಿಸಿ ಬೆಂಚಿನ ಮೇಲೆ.

ಕಾಳಿದಂಡೆ (ಸದಾಶಿವಗಡ)

ಮೂರು ವಾರ ಆಯಿತು, ಕೆಲಸ ಮುಗಿಯಿತು. ಆಕ್ಸಲ್ ಮೇಲಿನ ತಿರುವನ್ನು ಏಳು ತುಂಡು ಸೇರಿಸಿ ಕಟ್ಟಿದರು, ಅದಕ್ಕೇ ಒಂದು ದಿನ ಪೂರ್ತಿ ಹೋಯಿತು. ರೆಸೊನೇಟರ್ ಇಟ್ಟಿದ್ದೇನೆ, ಹಿಂದೆ ಕೋಣೆಯ ಡಬ್ಬಿ, ತಗ್ಗಲ್ಲಿ ತೂತು. ಮುಂದಿನ ಜಾಯಿಂಟಿಗೆ ಹೊಸ ರಿಂಗ್ ಗ್ಯಾಸ್ಕೆಟ್, ಹೊಸ ಸ್ಪ್ರಿಂಗ್ ಬೋಲ್ಟ್. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಟೈಲ್‌ಪೈಪ್‌ಗೆ ಒದ್ದೆ ಬಟ್ಟೆ ಒತ್ತಿ ಹಿಡಿದು, ಜಾಯಿಂಟುಗಳಿಗೆ ಸಾಬೂನು ನೀರು ಹಚ್ಚಿ ನೋಡಿದೆವು. ಒಂದು ಕಡೆ ಸಣ್ಣ ಗುಳ್ಳೆ ಬಂತು, ಅಲ್ಲೇ ಮತ್ತೆ ವೆಲ್ಡ್ ಮಾಡಿಸಿದೆ. ಹೊಗೆ ಟೆಸ್ಟ್ ಪಾಸ್.

ನಿನ್ನೆ ಶಿರಸಿಗೆ ಹೋಗಿ ಬಂದೆವು. ದೇವಿಮನೆ ಘಟ್ಟವನ್ನು ಮೂರನೇ ಗೇರಲ್ಲಿ ಹತ್ತಿತು. ಮಗಳು ಹಿಂದಿನ ಸೀಟಿನಲ್ಲಿ ಕುಮಟಾದಿಂದಲೇ ನಿದ್ದೆ ಮಾಡಿದವಳು ಶಿರಸಿ ಪೇಟೆಯಲ್ಲೇ ಎದ್ದದ್ದು.