ಪೇರಲ ವೈನ್ ರಾಡಿಯಾಗಿದೆ, ತಿಳಿಯಾಗುತ್ತಲೇ ಇಲ್ಲ. ಯಾರಾದರೂ ದಾರಿ ಹೇಳಿ

ಧಾರವಾಡ_ಪೇರಲ:
ತಲೆ ಕೆಟ್ಟು ಹೋಗಿದೆ. ನವಲೂರಿನ 5 ಕಿಲೋ ಪೇರಲ, 2 ಕಿಲೋ ಸಕ್ಕರೆ, ಈಸ್ಟ್. ಗುಳ್ಳೆ ನಿಂತು ತಿಂಗಳಾಯಿತು. ರುಚಿ, ವಾಸನೆ ಎರಡೂ ಚೆನ್ನಾಗಿವೆ. ನೋಡಲು ಮಾತ್ರ ಅಕ್ಕಿ ತೊಳೆದ ನೀರು. ಮೂರು ಸಲ ಗಸಿ ಬಿಟ್ಟು ಬೇರೆ ಕ್ಯಾನಿಗೆ ಇಳಿಸಿದೆ. ಏನೂ ಆಗಲಿಲ್ಲ.

ಹುಬ್ಬಳ್ಳಿ_ಕಾಕಾ:
ಈಸ್ಟ್ ಇನ್ನೂ ಕೂತಿಲ್ಲ, ಅಷ್ಟೇ. ಒಂದು ವಾರ ಫ್ರಿಜ್‌ನಲ್ಲಿ ಇಡಿ.

ಧಾರವಾಡ_ಪೇರಲ:
8 ದಿನ ಇಟ್ಟಿದ್ದೆ ಕಾಕಾ. ತಳದಲ್ಲಿ ಸ್ವಲ್ಪ ಗಸಿ ಬಂತು. ಮೇಲಿನದು ಹಾಗೇ ಇದೆ.

ಹುಬ್ಬಳ್ಳಿ_ಕಾಕಾ:
ಬಾಗಿಲಲ್ಲಿ ಇಟ್ಟಿರಬೇಕು. ತೆಗೆದು ಹಾಕಿದಾಗಲೆಲ್ಲ ಅಲುಗುತ್ತದೆ. ಒಳಗೆ, ಹಿಂದುಗಡೆ ಇಡಿ. ಇನ್ನೂ 15 ದಿನ.

ಗದಗ_ದ್ರಾಕ್ಷಿ:
ಬೆಂಟೊನೈಟ್ ಹಾಕಿ ನೋಡಿ, ರಾಡಿಯನ್ನು ಹಿಡಿದು ತಳಕ್ಕೆ ಇಳಿಸುವ ಒಂದು ಜೇಡಿಮಣ್ಣು. ಲೀಟರಿಗೆ 1 ಗ್ರಾಂ. ರಾತ್ರಿ ಬಿಸಿನೀರಲ್ಲಿ ನೆನೆಸಿ ಬೆಳಿಗ್ಗೆ ಕಲಸಿ. ನನ್ನ ದ್ರಾಕ್ಷಿ ವೈನ್ ನಾಲ್ಕೇ ದಿನಕ್ಕೆ ಕನ್ನಡಿ ಹಾಗೆ ಆಯಿತು. ಆದರೆ ನಾನು 20 ಲೀಟರಿನ ಗಾಜಿನ ಜಾರ್‌ನಲ್ಲಿ, ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳ) ಹಾಕಿ ಮಾಡುತ್ತೇನೆ. ಪ್ಲಾಸ್ಟಿಕ್ ಕ್ಯಾನ್ ಅಂದರೆ ಆಗಲೇ ಅರ್ಧ ಕೆಟ್ಟಂತೆ.

ಹುಬ್ಬಳ್ಳಿ_ಕಾಕಾ:
ಕ್ಯಾನಿಗೂ ರಾಡಿಗೂ ಏನು ಸಂಬಂಧ? ಫುಡ್ ಗ್ರೇಡ್ ಕ್ಯಾನ್‌ನಲ್ಲಿ ನಾನು 6 ವರ್ಷದಿಂದ ಮಾಡುತ್ತಿದ್ದೇನೆ.

ಗದಗ_ದ್ರಾಕ್ಷಿ:
ವಾಸನೆ ಹಿಡಿಯುತ್ತದೆ ರೀ. ಅದಕ್ಕಿಂತ ನಮ್ಮವ್ವನ ಉಪ್ಪಿನಕಾಯಿ ಭರಣಿ ವಾಸಿ.

ಹಾವೇರಿ_ಅಕ್ಕ:
ಭರಣಿ ಮಾತು ಆಮೇಲೆ. ತಮ್ಮಾ, ಹಣ್ಣು ಕುದಿಸಿದ್ದೆಯಾ?

ಧಾರವಾಡ_ಪೇರಲ:
ಹೌದು ಅಕ್ಕಾರೆ, ಮೆತ್ತಗಾಗಲಿ ಅಂತ 20 ನಿಮಿಷ ಕುದಿಸಿದೆ. ಎಲ್ಲರೂ ಹಾಗೇ ಮಾಡುತ್ತಾರೆ ಅಲ್ವಾ?

ಹಾವೇರಿ_ಅಕ್ಕ:
ಇದನ್ನೇ ಮೊದಲು ಹೇಳಬೇಕಿತ್ತು. ಪೇರಲದಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥ ಜಾಸ್ತಿ. ಪೇರಲ ಜೆಲ್ಲಿ ಗಟ್ಟಿಯಾಗುವುದೇ ಅದರಿಂದ. ಕುದಿಸಿದರೆ ಪೆಕ್ಟಿನ್ ಎಲ್ಲ ರಸಕ್ಕೆ ಬಿಡುತ್ತದೆ, ಅದನ್ನು ಒಡೆಯುವ ಹಣ್ಣಿನದೇ ಎಂಜೈಮ್ ಶಾಖಕ್ಕೆ ಕೆಡುತ್ತದೆ. ಫ್ರಿಜ್‌ನಲ್ಲಿ ಎಷ್ಟು ದಿನ ಇಟ್ಟರೂ ಈ ಮಬ್ಬು ಹೋಗುವುದು ಕಷ್ಟ. ಒಂದು ಚಮಚ ವೈನಿಗೆ ನಾಲ್ಕು ಚಮಚ ಸರ್ಜಿಕಲ್ ಸ್ಪಿರಿಟ್ ಹಾಕಿ ಅರ್ಧ ಗಂಟೆ ಬಿಡು. ಎಳೆಎಳೆಯಾಗಿ ಕಟ್ಟಿಕೊಂಡರೆ ಪೆಕ್ಟಿನ್ನೇ. ನೋಡಿ ಚೆಲ್ಲಿಬಿಡು, ಅದು ವಿಷ, ಬಾಯಿಗೆ ಹಾಕಬೇಡ.

ಧಾರವಾಡ_ಪೇರಲ:
ಮಾಡಿದೆ ಅಕ್ಕಾರೆ. ಹತ್ತಿಯ ಎಳೆಯಂಥದ್ದು ತೇಲಿತು!

ಹಾವೇರಿ_ಅಕ್ಕ:
ಪೆಕ್ಟಿನೇಸ್ ಪುಡಿ ತರಿಸು, ಪೆಕ್ಟಿನ್ ಒಡೆಯುವ ಎಂಜೈಮ್ ಅದು. ಆಲ್ಕೋಹಾಲ್ ಇರುವ ಕಡೆ ಅದು ನಿಧಾನ. ಅದಕ್ಕೆ ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ದುಪ್ಪಟ್ಟು ಹಾಕು. ಫ್ರಿಜ್‌ನಿಂದ ತೆಗೆದು ಅಡುಗೆ ಮನೆಯ ಬೆಚ್ಚಗಿನ ಮೂಲೆಯಲ್ಲಿ ಇಡು. ಬೆಂಟೊನೈಟ್ ಮಾತ್ರ ಈಗ ಬೇಡ. ಅದು ಎಂಜೈಮನ್ನೇ ಹಿಡಿದು ತಳಕ್ಕೆ ಒಯ್ಯುತ್ತದೆ.

ಧಾರವಾಡ_ಪೇರಲ:
ಬೆಂಟೊನೈಟ್ ಇವತ್ತು ಬೆಳಿಗ್ಗೆಯೇ ಹಾಕಿಬಿಟ್ಟೆನಲ್ಲಾ.

ಹಾವೇರಿ_ಅಕ್ಕ:
ಹಾಗಾದರೆ ಅದು ಪೂರ್ತಿ ಕೂರಲಿ. ಪೈಪಿನಿಂದ ಮೇಲಿನದನ್ನು ಬೇರೆ ಕ್ಯಾನಿಗೆ ಇಳಿಸು. ಆಮೇಲೆ ಪುಡಿ ಹಾಕು. ಅವಸರ ಮಾಡಬೇಡ.

ಹುಬ್ಬಳ್ಳಿ_ಕಾಕಾ:
ಪುಡಿಯ ಕೆಲಸ ಮುಗಿದ ಮೇಲೆ ಫ್ರಿಜ್‌ನಲ್ಲಿ ಇಡಬಹುದು ಅಲ್ವಾ ಅಕ್ಕಾರೆ?

ಹಾವೇರಿ_ಅಕ್ಕ:
ಆಗ ಇಡಿ ಕಾಕಾ. ಆಗ ಬೇಗ ಕೂರುತ್ತದೆ.

ಗದಗ_ದ್ರಾಕ್ಷಿ:
ನಾನು ಈ ಸಲ ನೇರಳೆ ಹಾಕಬೇಕು ಅಂತಿದ್ದೇನೆ. ಅದನ್ನೂ ಕುದಿಸಬಾರದಾ?