ಚಿಂಪಾಂಜಿ ‘ಬಂತೋ’ ‘ಬಂದಳೋ’? ‘ವ್ಯಕ್ತಿ’ ಪದದ ಬಗ್ಗೆ ಒಂದು ಸಂದೇಹ

ಬಲ್ಲವರಿಗೆಲ್ಲ ನಮಸ್ಕಾರ.

ತಮ್ಮನ ಮಗಳು ಇಲ್ಲೇ ದಾವಣಗೆರೆಯಲ್ಲಿ ಕಾನೂನು ಓದುತ್ತಿದ್ದಾಳೆ. ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್‌ನಂಥ ಬುದ್ಧಿವಂತ ಪ್ರಾಣಿಗಳಿಗೆ ಕಾನೂನಿನ ಹಕ್ಕು ಕೊಡಬೇಕೆ ಅನ್ನುವುದು ಅವಳ ಚರ್ಚಾಸ್ಪರ್ಧೆಯ ವಿಷಯ. ಇವಳದು ‘ಕೊಡಬೇಕು’ ಪಕ್ಷ. ಹಾಳೆ ತಂದು ಕೈಗಿಟ್ಟು, ‘ದೊಡ್ಡಪ್ಪಾ, ಕನ್ನಡ ಒಂದಿಷ್ಟು ತಿದ್ದಿ ಕೊಡ್ರಿ’ ಅಂದಳು. ಮೊದಲ ಸಾಲಿನಲ್ಲೇ ‘ಮಾನವೇತರ ವ್ಯಕ್ತಿ’ ಅಂತಿತ್ತು. ಗಟ್ಟಿಯಾಗಿ ಓದಿದೆ. ಅವರೆಕಾಯಿ ಸುಲಿಯುತ್ತ ಕೂತಿದ್ದ ನಮ್ಮ ಮನೆಯವಳು ‘ಅಂದ್ರೆ ದೆವ್ವನಾ?’ ಅಂತ ಕೇಳಿದಳು.

ನಕ್ಕೆವು. ಆಮೇಲೆ ನನಗೆ ಅದೇ ಕೊರೆಯತೊಡಗಿತು. ನಾನು ಪಂಡಿತನಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಮೂವತ್ತು ವರ್ಷ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದು ಹೊಟ್ಟೆ ಹೊರೆದವನು. ‘ವ್ಯಕ್ತಿ’, ‘ಹಕ್ಕು’ ಎರಡೂ ನನ್ನ ಕಸುಬಿನ ಪದಗಳೇ. ಅವುಗಳೊಳಗೆ ಕೋತಿ ಕೂರುತ್ತದೋ ಇಲ್ಲವೋ ಅಂತ ಯೋಚಿಸುವ ಪ್ರಸಂಗ ಮಾತ್ರ ಈಗಲೇ ಬಂದದ್ದು.

ಮೊದಲು ಸಂಗತಿ ಹೇಳಿಬಿಡುತ್ತೇನೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಮೃಗಾಲಯದಲ್ಲಿ ಸಾಂಡ್ರಾ ಅನ್ನುವ ಒರಾಂಗುಟಾನ್ ಇತ್ತು. 2014ರ ಡಿಸೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯವೊಂದು ಅದನ್ನು ಮನುಷ್ಯನಲ್ಲದ, ಆದರೂ ಹಕ್ಕುಳ್ಳ ಜೀವ ಎಂದು ಗುರುತಿಸಿತು. 2019ರಲ್ಲಿ ಅದನ್ನು ಅಮೆರಿಕದ ಫ್ಲಾರಿಡಾದ ವಾನರಧಾಮಕ್ಕೆ ಕಳಿಸಿದರು. ಅದೇ ದೇಶದ ಮೆಂಡೋಸಾದಲ್ಲಿ 2016ರಲ್ಲಿ ಸೆಸಿಲಿಯಾ ಎಂಬ ಚಿಂಪಾಂಜಿಯ ಪರ ಹೇಬಿಯಸ್ ಕಾರ್ಪಸ್ ಅರ್ಜಿಯೇ (ಅಕ್ರಮವಾಗಿ ಕೂಡಿಹಾಕಿದವರನ್ನು ಬಿಡಿಸಿ ಎಂದು ಕೋರ್ಟಿಗೆ ಹಾಕುವ ಅರ್ಜಿ) ಗೆದ್ದಿತು. ನಮ್ಮವರು ಹೇಬಿಯಸ್ ಕಾರ್ಪಸ್ಸಿಗೆ ‘ಬಂದಿ ಪ್ರತ್ಯಕ್ಷೀಕರಣ’ ಅಂತ ನಾಲಗೆ ತೊಡರುವ ಪದ ಮಾಡಿಟ್ಟಿದ್ದಾರೆ. ಆದರೂ ಅದರೊಳಗಿನ ‘ಬಂದಿ’ ಎಷ್ಟು ಚೆನ್ನಾಗಿದೆ ನೋಡಿ. ಬೋನಿನಲ್ಲಿರುವುದು ಮನುಷ್ಯನೋ ಮಂಗನೋ ಎಂದು ಅದು ಕೇಳುವುದೇ ಇಲ್ಲ.

ನ್ಯೂಯಾರ್ಕಿನಲ್ಲಿ ಮಾತ್ರ ಉಲ್ಟಾ ಆಯಿತು. ಟಾಮಿ ಎಂಬ ಚಿಂಪಾಂಜಿಯ ಪ್ರಕರಣದಲ್ಲಿ 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇಷ್ಟು: ಚಿಂಪಾಂಜಿ ಕಾನೂನಿನ ಕರ್ತವ್ಯ ಹೊರಲಾರದು, ಆದ್ದರಿಂದ ಅದಕ್ಕೆ ಹಕ್ಕಿಲ್ಲ. 2022ರಲ್ಲಿ ಹ್ಯಾಪಿ ಎಂಬ ಆನೆಯೂ ಅಲ್ಲಿನ ಅತ್ಯುಚ್ಚ ನ್ಯಾಯಾಲಯದಲ್ಲಿ 5–2ರಲ್ಲಿ ಸೋತಿತು.

ಈ ‘ಕರ್ತವ್ಯ ಇಲ್ಲದವನಿಗೆ ಹಕ್ಕಿಲ್ಲ’ ಅನ್ನುವ ಮಾತು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಪತ್ರಗಳ ಕೊನೆಯ ಸಾಲು: ‘ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನನಗಾಗಲೀ ನನ್ನ ವಾರಸುದಾರರಿಗಾಗಲೀ ಯಾವುದೇ ಹಕ್ಕುಬಾಧ್ಯತೆ ಇರುವುದಿಲ್ಲ.’ ಎಷ್ಟು ಸಾವಿರ ಸಲ ಬರೆದಿದ್ದೇನೋ. ‘ಹಕ್ಕು’ ಅರಬ್ಬಿಯ ‘ಹಖ್’, ಪಾರಸಿ–ಉರ್ದು ದಾರಿಯಲ್ಲಿ ನಮ್ಮ ಕಂದಾಯದ ಕಡತಕ್ಕೆ ಬಂದು ಕೂತದ್ದು. ‘ಬಾಧ್ಯತೆ’ ಸಂಸ್ಕೃತದ್ದು. ಸೋಜಿಗ ಏನೆಂದರೆ ಈ ಬಾಧ್ಯತೆಗೆ ಕನ್ನಡದಲ್ಲಿ ಎರಡು ಮುಖ. ‘ಆಸ್ತಿಗೆ ಬಾಧ್ಯಸ್ಥ’ ಅಂದರೆ ಆಸ್ತಿ ಸಿಗಬೇಕಾದವನು. ‘ಸಾಲಕ್ಕೆ ಬಾಧ್ಯ’ ಅಂದರೆ ತೀರಿಸಬೇಕಾದವನು. ಪಡೆಯುವುದೂ ಹೊರುವುದೂ ಒಂದೇ ಪದದಲ್ಲಿ! ಪಹಣಿಯಲ್ಲೂ ‘ಹಕ್ಕುಗಳು’, ‘ಋಣಗಳು’ ಅಕ್ಕಪಕ್ಕವೇ ಇರುತ್ತವೆ. ಹಾಗಾದರೆ ನ್ಯೂಯಾರ್ಕಿನವರ ವಾದವನ್ನು ಕನ್ನಡ ಮೊದಲೇ ಒಪ್ಪಿಕೊಂಡಿದೆಯೇ?

ಒಪ್ಪಿಲ್ಲ ಅಂತ ನನ್ನ ಅನಿಸಿಕೆ. ಮೂರು ತಿಂಗಳ ಕೂಸಿನ ಹೆಸರಿಗೆ ನಾನೇ ದಾನಪತ್ರ ಬರೆದಿದ್ದೇನೆ: ‘ಅಪ್ರಾಪ್ತ ವಯಸ್ಕ, ಪೋಷಕಿ ತಾಯಿ’ ಅಂತ. ಆ ಕೂಸು ಯಾವ ಕರ್ತವ್ಯ ಹೊತ್ತಿತ್ತು? ದೇವರ ಹೆಸರಿಗೆ ಜಮೀನಿದೆ. ದೇವರೂ ಕಾನೂನಿನ ಕಣ್ಣಿಗೆ ವ್ಯಕ್ತಿ. 1925ರಲ್ಲೇ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು, ವಿಗ್ರಹವನ್ನು ಹಾಗೆ ಕಂಡಿತ್ತು. ಕಂಪನಿಯೂ ವ್ಯಕ್ತಿ. ಪದದ ಬೇರು ನೋಡಿದರೂ ‘ವ್ಯಕ್ತಿ’ ಎಂದರೆ ವ್ಯಕ್ತವಾದದ್ದು, ಕಾಣುವಂತೆ ತೋರಿದ್ದು ಅಷ್ಟೆ. ಎರಡು ಕಾಲು, ಬುದ್ಧಿ, ಮಾತು ಇವೆಲ್ಲ ಅದರಲ್ಲಿಲ್ಲ. ಮನುಷ್ಯನ ಅರ್ಥ ನಾವು ಬಳಸಿ ಬಳಸಿ ಅಂಟಿಸಿದ್ದು.

ಹುಡುಗಿಗೆ ಬಿದ್ದ ಇನ್ನೊಂದು ಪೆಟ್ಟು ವ್ಯಾಕರಣದ್ದು. ಅವಳು ಉದ್ದಕ್ಕೂ ‘ಸಾಂಡ್ರಾ ಬಂದಳು, ಸಾಂಡ್ರಾಳನ್ನು ಬಿಡಿಸಿದರು’ ಅಂತ ಬರೆದಿದ್ದಳು. ಅವಳ ಗೆಳತಿ, ಎದುರು ಪಕ್ಷದವಳು, ‘ನಿನ್ನ ವಾದ ಕ್ರಿಯಾಪದದಲ್ಲೇ ಮುಗೀತು ಬಿಡೇ’ ಅಂತ ಅಣಕಿಸಿದಳಂತೆ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಕಾಲದಿಂದಲೂ ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕ. ಹಿಂದಿಯವರಿಗೆ ಈ ತಾಪತ್ರಯವಿಲ್ಲ, ಕುರ್ಚಿಗೂ ಹೆಣ್ಣುಲಿಂಗ ಕೊಟ್ಟು ಕೂತಿದ್ದಾರೆ. ನಮ್ಮಲ್ಲಿ ‘ಬಂತು’ ಅಂದರೆ ಪ್ರಾಣಿ, ‘ಬಂದಳು’ ಅಂದರೆ ಹೆಂಗಸು ಅಂತ ಕ್ರಿಯಾಪದವೇ ತೀರ್ಪು ಕೊಟ್ಟುಬಿಡುತ್ತದೆ.

ಆದರೆ ಮಗು? ‘ಮಗು ಅತ್ತಿತು’, ‘ಕೂಸು ಮಲಗಿತು’. ಜಮೀನಿನ ಒಡೆತನ ಇದ್ದರೂ ಅದು ‘ಅದು’ವೇ. ಅತ್ತ ಹಟ್ಟಿಯಲ್ಲಿ ‘ನಮ್ಮ ಗೌರಿ ಕರು ಹಾಕಿದ್ಲು’ ಅನ್ನುವವರಿದ್ದಾರೆ. ಸಿಟ್ಟು ನೆತ್ತಿಗೇರಿದರೆ ಗಂಡನಿಗೇ ‘ಬಂತು ನೋಡು ಅದು’ ಅನ್ನುವವರೂ ಇದ್ದಾರೆ (ಹೆಸರು ಹೇಳಿದರೆ ನನಗೆ ಊಟ ಸಿಗುವುದಿಲ್ಲ). ಲಿಂಗಕ್ಕೂ ಹಕ್ಕಿಗೂ ಗಂಟು ಹಾಕಬೇಕಿಲ್ಲ. ಹಾಗಾಗಿ ‘ಬಂದಳು’ ತೆಗೆದು ‘ಬಂತು’ ಮಾಡು ಅಂತ ಹೇಳಿದ್ದೇನೆ. ಕರುಣೆ ಹುಟ್ಟಿಸಲು ಕ್ರಿಯಾಪದ ಬದಲಿಸುವುದು ವಕೀಲರಾಗುವವರಿಗೆ ಸಲ್ಲದು. ಅವಳು ಇನ್ನೂ ಒಪ್ಪಿಲ್ಲ.

ಪ್ರಾಣಿಯ ಹೆಸರಿನ ಗೊಂದಲವೂ ಇದೆ. ಕೋತಿ, ಮಂಗ, ಮುಸಿಯ, ಕೋಡಗ, ಕಪಿ ಇಷ್ಟೆಲ್ಲ ಇದ್ದೂ ಬಾಲವಿಲ್ಲದ ಈ ದೊಡ್ಡ ಜಾತಿಗೆ ಬೇರೆ ಪದವಿಲ್ಲ, ಯಾಕೆಂದರೆ ಅವು ನಮ್ಮ ಕಾಡಿನವಲ್ಲ. ಮೈಸೂರಿನ ಮೃಗಾಲಯದಲ್ಲಿ ನೋಡಬೇಕು. ‘ವಾನರ’ವನ್ನು ‘ವಾ ನರಃ’, ‘ನರನೋ ಏನೋ’ ಎಂದು ಬಿಡಿಸುವುದು ಹಳೆಯ ಚಮತ್ಕಾರ, ನಿಜವಾದ ವ್ಯುತ್ಪತ್ತಿಯಲ್ಲ. ಈ ಚರ್ಚೆಗೆ ಮಾತ್ರ ಹೇಳಿ ಮಾಡಿಸಿದಂತಿದೆ. ಮಲಯ ಭಾಷೆಯ ಒರಾಂಗುಟಾನ್‌ಗೂ ಕಾಡಿನ ಮನುಷ್ಯ ಎಂದೇ ಅರ್ಥ. ಇತ್ತ ದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಅವರಿಗೆ ಜನ ‘ಕೋತಿರಾಜ’ ಅಂತಾರೆ. ಅದು ಬೈಗುಳವಲ್ಲ, ಬಿರುದು.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದ ಪದ: ‘ಮೀಸಲು’. ನಮ್ಮ ಬೀಗರು ಚಳ್ಳಕೆರೆ ಕಡೆಯವರು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕ ಸಮುದಾಯದವರಲ್ಲಿ ದೇವರ ಎತ್ತುಗಳಿವೆ. ಅವನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ, ಸತ್ತರೆ ಹೂಳುತ್ತಾರೆ. ಕಾಯುವವನಿಗೆ ಕಿಲಾರಿ ಅನ್ನುತ್ತಾರೆ. ಹುಡುಗಿ ಇದನ್ನು ಕೇಳಿ ಕುಣಿದಾಡಿಬಿಟ್ಟಳು: ‘ದೊಡ್ಡಪ್ಪಾ, ಕಿಲಾರಿ ಅಂದ್ರೆ ಪೋಷಕನೇ ಅಲ್ವಾ! ನಮ್ಮಲ್ಲಿ ಪ್ರಾಣಿಗೆ ಹಕ್ಕು ಆಗ್ಲೇ ಇತ್ತು!’ ನಾನು ತಡೆದೆ. ಆ ಎತ್ತು ಉಳಿದಿರುವುದು ಅದು ದೇವರಿಗೆ ಮೀಸಲು ಎಂಬ ಕಾರಣಕ್ಕೆ. ಪಕ್ಕದ ಹೊಲದ ಎತ್ತಿಗೂ ಅದಕ್ಕೂ ಬುದ್ಧಿಯಲ್ಲಿ, ನೋವಿನಲ್ಲಿ ವ್ಯತ್ಯಾಸವೇನೂ ಇಲ್ಲ; ಹೊಲದ ಎತ್ತಿಗೆ ಮಾತ್ರ ನೊಗ ತಪ್ಪಿಲ್ಲ. ಮೀಸಲು ಅಂದರೆ ಒಡೆಯ ಬೇರೊಬ್ಬ. ಹಕ್ಕು ಅಂದರೆ ತನಗೆ ತಾನೇ ಒಡೆಯ. ಸಾಂಡ್ರಾಳ ಪರ ಕೇಳಿದ್ದು ಎರಡನೆಯದನ್ನು. (ನೋಡಿ, ನಾನೂ ‘ಸಾಂಡ್ರಾಳ’ ಅಂದುಬಿಟ್ಟೆ.)

ನಮ್ಮ ನ್ಯಾಯಾಲಯಗಳೂ ಈ ಎರಡರ ನಡುವೆ ಹೊಯ್ದಾಡಿವೆ. 2014ರಲ್ಲಿ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪು ಸಂವಿಧಾನದ 21ನೇ ಅನುಚ್ಛೇದದ ‘ಜೀವ’ದೊಳಗೆ ಪ್ರಾಣಿಯನ್ನೂ ಸೇರಿಸಿ ಓದಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟು ಇಡೀ ಪ್ರಾಣಿಕುಲವನ್ನೇ ಕಾನೂನಿನ ವ್ಯಕ್ತಿ ಎಂದಿತು, ಜನರೇ ಅವುಗಳ ಪೋಷಕರೂ ಎಂದಿತು. ಜಲ್ಲಿಕಟ್ಟು, ಕಂಬಳಕ್ಕೆ ಒಪ್ಪಿಗೆ ಕೊಟ್ಟ ಸುಪ್ರೀಂ ಕೋರ್ಟಿನ 2023ರ ಸಂವಿಧಾನ ಪೀಠ, ಪ್ರಾಣಿಗಳಿಗೆ ಮೂಲಭೂತ ಹಕ್ಕು ಕೊಟ್ಟ ಪೂರ್ವನಿದರ್ಶನ ಇಲ್ಲ ಎಂದಿತು.

ನನ್ನ ತಿದ್ದುಪಡಿ ಹೀಗಿದೆ. ‘ಮಾನವೇತರ ವ್ಯಕ್ತಿ’ ಬಿಟ್ಟು ‘ಹಕ್ಕುದಾರ ಪ್ರಾಣಿ’ ಅಂತ ಬರೆಯುವುದು. ‘ಹಕ್ಕುದಾರ’ ಪದಕ್ಕೆ ಕೂಸೂ ದೇವರೂ ಸಂಘವೂ ಒಗ್ಗಿವೆ, ಕಚೇರಿಯಲ್ಲಿ ಯಾರೂ ನಗುವುದಿಲ್ಲ. ಹುಡುಗಿಯ ತಕರಾರು: ‘ಹಕ್ಕುದಾರ ಅಂದ್ರೆ ಆಸ್ತಿ ವಾಸನೆ ಹೊಡೀತೈತಿ, ಆ ಚಿಂಪಾಂಜಿ ಕೇಳಿದ್ದು ಎರಡು ಎಕರೆ ಅಲ್ಲ, ಬೋನಿನ ಬೀಗ ತೆಗೀರಿ ಅಂತ.’ ಮಾತು ನಿಜ. ಅದಕ್ಕೇ ಇಲ್ಲಿ ಕೇಳುತ್ತಿರುವುದು. ಆಸ್ತಿಯ ವಾಸನೆ ಇಲ್ಲದ, ದೆವ್ವದ ನೆನಪು ಬಾರದ ಪದ ಯಾರಿಗಾದರೂ ಹೊಳೆದರೆ ಸೋಮವಾರದೊಳಗೆ ತಿಳಿಸಿ. ಸ್ಪರ್ಧೆ ಮಂಗಳವಾರ. ಹಾಗೆಯೇ ಈ ‘ಕಿಲಾರಿ’ಗೂ ಉತ್ತರದ ಕಡೆಯ ‘ಖಿಲಾರಿ’ ಎಂಬ ದನದ ತಳಿಯ ಹೆಸರಿಗೂ ಇರುವ ನಂಟನ್ನು ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ. ಅದು ಸ್ಪರ್ಧೆಗಲ್ಲ, ನನಗೆ.