‘ರೀಆರ್ಡರ್ ಲೆವೆಲ್’ ಅಂದರೆ ‘ಕನಿಷ್ಠ ದಾಸ್ತಾನು’ ಎನ್ನಬಹುದೆ?

ಪ್ರಶ್ನೆ:
ನಮಸ್ಕಾರ. ಉಗ್ರಾಣದ ಸಿಬ್ಬಂದಿಗಾಗಿ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ರೀಆರ್ಡರ್ ಲೆವೆಲ್’ಗೆ ‘ಕನಿಷ್ಠ ದಾಸ್ತಾನು’, ‘ಸೇಫ್ಟಿ ಸ್ಟಾಕ್’ಗೆ ‘ಮೀಸಲು ದಾಸ್ತಾನು’, ‘ಲೀಡ್ ಟೈಮ್’ಗೆ ‘ಮುನ್ನಡೆ ಸಮಯ’, ‘ರಿಪ್ಲೆನಿಶ್‌ಮೆಂಟ್’ಗೆ ‘ಮರುಪೂರಣ’ ಎಂದಿದೆ. ಓದಲು ತೊಡಕಿಲ್ಲ. ಅರ್ಥ ಸರಿಹೋಗುತ್ತದೆಯೆ? ಬಲ್ಲವರು ತಿಳಿಸಬೇಕು.

ಉತ್ತರ 1:
ಮೊದಲನೆಯದನ್ನು ದಯವಿಟ್ಟು ಕೈಬಿಡಿ. ಉಳಿದವು ಭಾಷೆಯ ತಕರಾರು, ಇದು ಮಾಲು ಖಾಲಿಯಾಗುವ ತಕರಾರು.

ಲೆಕ್ಕ ಹೀಗಿದೆ. ಒಂದು ಸರಕು ದಿನಕ್ಕೆ ಸರಾಸರಿ 40 ಪೆಟ್ಟಿಗೆ ಖರ್ಚಾಗುತ್ತದೆ, ಆರ್ಡರ್ ಹಾಕಿದ ಮೇಲೆ ಕೈಗೆ ಬರಲು 9 ದಿನ (ಇದೇ ಲೀಡ್ ಟೈಮ್) ಹಿಡಿಯುತ್ತದೆ ಎನ್ನಿ. ಅಷ್ಟು ದಿನ ದೂಡಲು 360 ಬೇಕು. ಖರ್ಚು ಒಂದೇ ಸಮ ಇರುವುದಿಲ್ಲವಾದ್ದರಿಂದ ಅದರ ಮೇಲೆ 60 ಸೇಫ್ಟಿ ಸ್ಟಾಕ್. ಒಟ್ಟು 420ಕ್ಕೆ ಇಳಿದ ಕೂಡಲೇ ಆರ್ಡರ್ ಹೋಗಬೇಕು; ಇದೇ ರೀಆರ್ಡರ್ ಲೆವೆಲ್. ಈ 420ರ ಮೇಲೆ ‘ಕನಿಷ್ಠ’ ಎಂದು ಬರೆದರೆ, ಓದಿದವರು ಅದಕ್ಕಿಂತ ಕೆಳಗೆ ಇಳಿಯಲೇಬಾರದು ಅಂದುಕೊಂಡು ಮೊದಲೇ ತರಿಸುತ್ತಾರೆ. 360 ಪೆಟ್ಟಿಗೆ ಸುಮ್ಮನೆ ಕೊಳೆಯುತ್ತವೆ. ಇನ್ನು ಕೆಲವರು ನಿಜವಾದ ಕನಿಷ್ಠ 60 ತಾನೆ ಎಂದು ಅಲ್ಲಿಯವರೆಗೆ ಕಾಯುತ್ತಾರೆ. ಅರವತ್ತು ಪೆಟ್ಟಿಗೆ ಒಂದೂವರೆ ದಿನಕ್ಕೆ ಮುಗಿಯುತ್ತದೆ, ಮುಂದಿನ ಏಳೂವರೆ ದಿನ ರ‍್ಯಾಕ್ ಬರಿದು. ‘ಮರು ಆರ್ಡರ್ ಮಟ್ಟ’ ಅಂದರೆ ಈ ಗೊಂದಲವಿಲ್ಲ, ಏನು ಮಾಡಬೇಕೆಂದು ಪದವೇ ಹೇಳುತ್ತದೆ.

‘ಮೀಸಲು’ ಕೂಡ ನನಗೆ ಒಪ್ಪಿಗೆಯಿಲ್ಲ. ಮೀಸಲು ಅರಣ್ಯ, ಮೀಸಲು ಸೀಟು: ಕೈ ಹಚ್ಚಬಾರದು ಎನ್ನುವ ಧ್ವನಿ ಅದರಲ್ಲಿದೆ. ಸೇಫ್ಟಿ ಸ್ಟಾಕ್ ಇರುವುದೇ ಬಳಸುವುದಕ್ಕೆ. ಖರ್ಚು ಸರಾಸರಿ ಮೀರಿದಾಗಲೆಲ್ಲ, ಅಂದರೆ ಹೆಚ್ಚುಕಡಿಮೆ ಎರಡು ಸಲಕ್ಕೆ ಒಂದು ಸಲ, ಅದರೊಳಗೆ ಕೈ ಹಾಕಲೇಬೇಕಾಗುತ್ತದೆ. ‘ಮೀಸಲು’ ಎಂದು ಪ್ರತ್ಯೇಕ ರ‍್ಯಾಕಿನಲ್ಲಿ ಬೀಗ ಹಾಕಿಟ್ಟರೆ ಎದುರಿಗೆ ಮಾಲಿದ್ದೂ ‘ಇಲ್ಲ’ ಎನ್ನಬೇಕಾದೀತು. ‘ಆಸರೆ ದಾಸ್ತಾನು’ ಹೇಗೆ?

ಅಂದಹಾಗೆ ಆ 60 ಅಂದಾಜಿನ ಸಂಖ್ಯೆಯಲ್ಲ. ದಿನದ ಖರ್ಚಿನ ಮಾನಕ ವಿಚಲನೆ (ಸರಾಸರಿಯಿಂದ ಎಷ್ಟು ಏರುಪೇರಾಗುತ್ತದೆ ಎಂಬುದರ ಅಳತೆ) 12, ಆ ಒಂಬತ್ತು ದಿನದ ವರ್ಗಮೂಲ 3, ನೂರರಲ್ಲಿ 95 ಸಲ ಕೊರತೆ ಬಾರದಿರಲು ಬಳಸುವ ಗುಣಕ 1.65. ಮೂರನ್ನೂ ಗುಣಿಸಿದರೆ 59.4, ಅಂದರೆ ಸುಮಾರು 60. ಸರಬರಾಜಿನ ದಿನಗಳೇ ಹಿಂದುಮುಂದಾಗುತ್ತಿದ್ದರೆ ಇಷ್ಟು ಸಾಲದು.

ಉತ್ತರ 2:
‘ಮರು ಆರ್ಡರ್ ಮಟ್ಟ’ಕ್ಕೆ ನನ್ನದೂ ಒಪ್ಪಿಗೆ. ‘ಆಸರೆ’ ಚೆಂದವಿದೆ, ಆದರೆ ಉಗ್ರಾಣದಲ್ಲಿ ಎಲ್ಲರ ಬಾಯಲ್ಲೂ ಇರುವುದು ‘ಸೇಫ್ಟಿ ಸ್ಟಾಕ್’. ಅದನ್ನೇ ಇಟ್ಟುಕೊಂಡು ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕು.

‘ಮುನ್ನಡೆ ಸಮಯ’ ಬೇಡವೇ ಬೇಡ. ಕನ್ನಡದಲ್ಲಿ ಮುನ್ನಡೆ ಅಂದರೆ ಪಂದ್ಯದಲ್ಲೋ ಮತ ಎಣಿಕೆಯಲ್ಲೋ ಮುಂದಿರುವುದು. ‘ಸಾಗಣೆ ಸಮಯ’ ಎಂದು ತಿದ್ದೀರಿ, ಅದೂ ತಪ್ಪು. ಮೇಲಿನ 9 ದಿನವನ್ನೇ ಬಿಡಿಸಿ ನೋಡಿ: ಮಂಜೂರಾತಿಗೆ 1, ಪೂರೈಕೆದಾರರು ಸಿದ್ಧಪಡಿಸಲು 4, ಲಾರಿಯಲ್ಲಿ 3, ಇಳಿಸಿ ಪರೀಕ್ಷಿಸಿ ರ‍್ಯಾಕಿಗೇರಿಸಲು 1. ‘ಸಾಗಣೆ’ ಎಂದರೆ ಸಿಬ್ಬಂದಿ ಫಾರಂನಲ್ಲಿ 3 ಎಂದೇ ತುಂಬುತ್ತಾರೆ, ಲೆಕ್ಕವೆಲ್ಲ ಅಲ್ಲಿಗೇ ಕೆಟ್ಟಿತು. ‘ಪೂರೈಕೆ ಅವಧಿ’ ಎನ್ನಿ, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೂ ಬರೆಯಿರಿ.

‘ಮರುಪೂರಣ’ ಅಂತರ್ಜಲದ ಜೊತೆ ಓಡಾಡಿ ಪಳಗಿದ ಪದ. ಖಾಲಿಯಾದದ್ದನ್ನು ಮತ್ತೆ ತುಂಬುವುದೇ ಇಲ್ಲಿಯೂ ಅರ್ಥವಾದ್ದರಿಂದ ಇರಲಿ. ‘ಮರುಪೂರೈಕೆ’ ಮಾಡಬೇಡಿ, ಕೆಟ್ಟ ಮಾಲಿಗೆ ಬದಲಿ ಕಳಿಸಿದಂತೆ ಕೇಳಿಸುತ್ತದೆ.

ನೀವು ಕೇಳದ ಒಂದು ಪದವೂ ಇದೆ. 420ಕ್ಕೆ ಹೋಲಿಸಬೇಕಾದ್ದು ಯಾವ ದಾಸ್ತಾನು? ಬರೀ ‘ದಾಸ್ತಾನು’ ಎಂದರೆ ರ‍್ಯಾಕಿನಲ್ಲಿರುವುದನ್ನು ಎಣಿಸಿ, ಹಿಂದಿನ ಆರ್ಡರ್ ದಾರಿಯಲ್ಲಿದ್ದರೂ ದಿನಾ ಹೊಸ ಆರ್ಡರ್ ಹಾಕುತ್ತಾರೆ; ಒಂಬತ್ತು ದಿನ ಕಳೆದ ಮೇಲೆ ಲಾರಿ ಮೇಲೆ ಲಾರಿ ಬಂದು ನಿಲ್ಲುತ್ತದೆ. ಕೈಯಲ್ಲಿರುವುದಕ್ಕೆ ಬರಬೇಕಾದ್ದನ್ನು ಕೂಡಿಸಿ, ಗ್ರಾಹಕರಿಗೆ ಕೊಡಲು ಬಾಕಿ ಇರುವುದನ್ನು ಕಳೆಯಬೇಕು. ಇದಕ್ಕೆ ‘ನಿವ್ವಳ ದಾಸ್ತಾನು’ ಎನ್ನೋಣವೆಂದರೆ ಬರಬೇಕಾದ್ದೂ ಸೇರಿದೆ ಎಂಬುದು ಅದರಲ್ಲಿ ಹೊಳೆಯುವುದಿಲ್ಲ. ಸದ್ಯಕ್ಕೆ ‘ಲೆಕ್ಕದ ದಾಸ್ತಾನು’ ಎಂದಿಟ್ಟು, ಪಕ್ಕದಲ್ಲಿ ‘ಕೈದಾಸ್ತಾನು’ ಎಂದು ಬೇರೆ ಕಾಲಂ ಮಾಡಿ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಹೇಳಿ.